ಕೆರೆದಂಡೆಗೆ ಅತ್ತಿಗೆಯ ದಂಡಯಾತ್ರೆ

ಕ್ಯಾಲಿಫೋರ್ನಿಯಾದ ಪಾರ್ಕುಗಳ ಬಾಗಿಲಲ್ಲಿ ‘ಇಲ್ಲಿ ಕರಡಿಗಳಿವೆ, ಜೋಪಾನ’ ಎಂದು ಮನುಷ್ಯರಿಗಾಗಿ ಒಂದು ಫಲಕ ನೆಟ್ಟಿರುತ್ತಾರೆ. ಒಳ್ಳೆಯದೇ. ಆದರೆ ಕರಡಿಗಳ ಕಡೆಯಿಂದ ಯಾರಾದರೂ ಯೋಚನೆ ಮಾಡಿದ್ದಾರೆಯೇ? ನನ್ನ ಅತ್ತಿಗೆ ಬರುವ ದಿನ ಆ ಬಡಪ್ರಾಣಿಗಳಿಗೂ ಒಂದು ಮುನ್ನೆಚ್ಚರಿಕೆ ಬೇಡವೇ? ಕಳೆದ ಬೇಸಿಗೆಯಲ್ಲಿ ನಾವು ಟೆಂಟು ಹಾಕಿದ್ದ ಸರೋವರದ ದಡದಲ್ಲಿ ಒಂದೇ ಒಂದು ಕರಡಿ ಕಾಣಿಸಿಕೊಳ್ಳಲಿಲ್ಲ. ಅಲ್ಲಿನ ರೇಂಜರಮ್ಮ ಅದಕ್ಕೆ ಏನೇನೋ ಕಾರಣ ಕೊಟ್ಟಳು. ನಿಜವಾದ ಕಾರಣ ನನಗೆ ಗೊತ್ತು!

ಅತ್ತಿಗೆ ಮಂಗಳೂರಿನವರು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಔಷಧಿಯೊಳಗೆ ಸೇರಬಾರದ ಕ್ರಿಮಿ ಏನಾದರೂ ಸೇರಿದೆಯೇ ಎಂದು ದಿನವಿಡೀ ಹುಡುಕುವುದು ಅವರ ಉದ್ಯೋಗ. ಸಂಜೆ ಮನೆಗೆ ಬಂದ ಮೇಲೂ ಹುಡುಕುವುದನ್ನು ನಿಲ್ಲಿಸುವುದಿಲ್ಲ. ಬಾಳೆಹಣ್ಣನ್ನು ಸೋಪು ಹಾಕಿ ತೊಳೆದು ಆಮೇಲೆ ಸುಲಿಯುವ ಮನುಷ್ಯರನ್ನು ನೀವು ನೋಡಿದ್ದೀರಾ? ನಮ್ಮ ಮನೆಗೆ ಬಂದರೆ ಕೂರುವ ಮುಂಚೆ ಸೋಫಾದ ಕಡೆ ಒಂದು ನೋಟ ಬೀರುತ್ತಾರೆ. ಸೋಫಾ ತಾನಾಗಿಯೇ ಮುದುಡಿಕೊಳ್ಳುತ್ತದೆ. ಇದು ಅವರ ಒಂದು ಗುಣ. ಇನ್ನೊಂದು, ಮಾತು. ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷಿನ ಸಂದಿಯಲ್ಲಿ ಶುರುವಾದರೆ ದೀಪ ಆರಿಸುವವರೆಗೂ ಅದಕ್ಕೆ ಅಲ್ಪವಿರಾಮವೇ ಇಲ್ಲ, ಪೂರ್ಣವಿರಾಮದ ಮಾತು ಬಿಡಿ.

ಇಂಥ ಅತ್ತಿಗೆ ಒಂದು ಸಂಜೆ ಕ್ಯಾಂಪ್‌ಬೆಲ್ಲಿನ ನನ್ನ ಮನೆಗೆ ಫೋನು ಮಾಡಿದರು.

“ಹೋಯ್, ಮುಂದಿನ ವಾರ ನಾವು ಕ್ಯಾಂಪಿಂಗಿಗೆ ಹೋಗುವಾ. ಎರಡು ರಾತ್ರಿ. ನೀನೂ ಬರ್ಬೇಕು.”

ನಾನು ಸ್ಟೌ ಆರಿಸಿ ಕುರ್ಚಿಯಲ್ಲಿ ಕೂತೆ. “ಅತ್ತಿಗೆ, ಕ್ಯಾಂಪಿಂಗು ಅಂದ್ರೆ ನೆಲದ ಮೇಲೆ ಮಲಗ್ಬೇಕು. ಮಣ್ಣಿರುತ್ತೆ.”

“ಗೊತ್ತುಂಟು.”

“ಹುಳ ಇರುತ್ತೆ. ಬಾತ್‌ರೂಮು ಎಲ್ಲರಿಗೂ ಒಂದೇ.”

ಆ ಕಡೆ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಅತ್ತಿಗೆ ಅಂದರು: “ಅಲ್ಲಿ ಸಿಗ್ನಲ್ ಇಲ್ಲ ಮಾರಾಯ್ತಿ. ಒಂದು ಗೆರೆ ಕೂಡ ಇಲ್ಲ! ನಾನು ಪಾರ್ಕಿನವರಿಗೇ ಫೋನ್ ಮಾಡಿ ಕೇಳಿದೆ. ಫೋನು ಹಿಡ್ಕೊಂಡು ಎಷ್ಟು ತಿರುಗಿದ್ರೂ ಸಿಗುದಿಲ್ಲ ಅಂತ ಅವರೇ ಹೇಳಿದ್ರು. ಅದಕ್ಕೇ ಅಲ್ಲಿಗೆ ಹೋಗ್ಬೇಕು.”

ಆಗ ನನಗೆ ಅರ್ಥವಾಯಿತು. ನಿಮಗೆ ಅರ್ಥವಾಗಬೇಕಾದರೆ ನನ್ನ ಅಣ್ಣನ ವಿಷಯ ಹೇಳಬೇಕು.

ಅಣ್ಣನ ಧ್ವನಿ ಎಂದರೆ ಧ್ವನಿ! ಲಿವರ್‌ಮೋರಿನ ತನ್ನ ಹಿತ್ತಲಲ್ಲಿ ನಿಂತು ಅವನು ಫೋನಿನಲ್ಲಿ ಮಾತಾಡಿದರೆ, ಹತ್ತಾರು ಮೈಲಿ ದೂರದ ಕ್ಯಾಂಪ್‌ಬೆಲ್ಲಿನಲ್ಲಿರುವ ನನಗೆ ಫೋನೇ ಬೇಡವೆಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಯುಗಾದಿಯ ಕಾರ್ಯಕ್ರಮದಲ್ಲಿ ಮೈಕು ಕೆಟ್ಟರೆ ಇಲ್ಲಿನ ಕನ್ನಡಿಗರು ಗಾಬರಿಯಾಗುತ್ತಿರಲಿಲ್ಲ, ಅಣ್ಣನನ್ನು ಹುಡುಕುತ್ತಿದ್ದರು. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪ ಅವನಿಗೆ “ನಿಧಾನ ಕಣೋ, ಸೂರು ಹಾರೀತು” ಅನ್ನುತ್ತಿದ್ದರು. ಮದುವೆಯಾದ ಮೇಲೆ ಆ ಕೆಲಸವನ್ನು ಅತ್ತಿಗೆ ವಹಿಸಿಕೊಂಡರು. “ಸ್ವಲ್ಪ ಮೆಲ್ಲ ಮಾತಾಡಿ ಮಾರಾಯ್ರೆ, ನಾನು ಇಲ್ಲೇ ಇದ್ದೇನೆ!”

ಆ ಕ್ಯಾಂಪಿಂಗಿನ ಹಿಂದಿನ ವರ್ಷ ಅವನ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿತು. ಆಪರೇಷನ್ನು ಮಾಡಿ ತೆಗೆದರು. ಗಂಟು ಕೆಟ್ಟದ್ದಲ್ಲ ಎಂದು ತಿಳಿದ ದಿನ ನಾವೆಲ್ಲ ಪಾಯಸ ಮಾಡಿ ತಿಂದೆವು. ಪಾಯಸ ಅರಗುವಷ್ಟರಲ್ಲಿ ಇನ್ನೊಂದು ತಿಳಿಯಿತು. ಗಂಟಿನ ಪಕ್ಕದಲ್ಲೇ ಹಾದುಹೋಗುವ ನರವೊಂದು ಮುನಿಸಿಕೊಂಡು ಕೂತಿತ್ತು. ಅಣ್ಣ ಬಾಯಿ ತೆರೆದರೆ ತೆಳ್ಳಗಿನ, ಹರಕು ದಾರದಂಥ ಒಂದು ದನಿ ಬರುತ್ತಿತ್ತು. “ಬರುತ್ತೆ, ಅಭ್ಯಾಸ ಮಾಡಬೇಕು” ಎಂದರು ಧ್ವನಿಚಿಕಿತ್ಸೆಯವರು. ಅಣ್ಣ ಮಾಡಿದ. ಒಂದು ತಿಂಗಳು ‘ಆ’, ‘ಈ’, ‘ಊ’ ಎಂದು ಎಳೆದ. ಆಗ ಮೈಸೂರಿನಿಂದ ಅವನ ಹಳೆಯ ಸ್ನೇಹಿತನೊಬ್ಬ ಫೋನು ಮಾಡಿದ. ಅಣ್ಣ ಎತ್ತಿಕೊಂಡು ಖುಷಿಯಿಂದ “ಹೇಗಿದ್ದೀಯೋ?” ಎಂದ. ಆ ಕಡೆಯಿಂದ ವಿನಯವಾದ ಮಾತು ಬಂತು: “ನಮಸ್ಕಾರ ಅಮ್ಮಾ, ಸ್ವಲ್ಪ ಯಜಮಾನರಿಗೆ ಕೊಡ್ತೀರಾ?”

ಅಣ್ಣ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟ. ಆವತ್ತು ಮುಚ್ಚಿದ ಬಾಯಿ!

ಮೊದಮೊದಲು ನಾವೂ ನಕ್ಕೆವು. ಆಮೇಲೆ ನಗು ಬರಲಿಲ್ಲ. ಅಣ್ಣ ಸೋಫಾದಲ್ಲಿ ಅತ್ತಿಗೆಯ ಪಕ್ಕದಲ್ಲೇ ಕೂತು ಅತ್ತಿಗೆಗೆ ಮೆಸೇಜು ಕಳಿಸುತ್ತಿದ್ದ. ‘ಕಾಫಿ ಬೇಕು.’ ಅತ್ತಿಗೆಯ ಫೋನು ಅಡಿಗೆಮನೆಯಲ್ಲಿ ಟಿಂಗ್ ಅನ್ನುತ್ತಿತ್ತು. ಆಫೀಸಿನ ಮೀಟಿಂಗುಗಳಲ್ಲಿ ಟೈಪು ಮಾಡುತ್ತಿದ್ದ, ಮಗಳ ಸ್ಕೂಲಿನ ಮೀಟಿಂಗಿಗೆ ಹೋಗುವುದನ್ನೇ ಬಿಟ್ಟ. ಹದಿನಾರರ ಆ ಮಗಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು, ತೆಗೆಯಲಿಲ್ಲ. ಅವಳನ್ನಾದರೂ ಏಕೆ ಬೈಯಬೇಕು? ಕೇಳಿಸಿಕೊಳ್ಳುವುದಕ್ಕೆ ಮನೆಯಲ್ಲಿ ಏನಿತ್ತು? ಚಿಕಿತ್ಸೆಯವರು ಖಡಾಖಂಡಿತವಾಗಿ ಹೇಳಿದ್ದರು: ಈಗಲೇ ಮಾತಾಡದಿದ್ದರೆ ಇರುವ ದನಿಯೂ ಉಳಿಯುವುದಿಲ್ಲ. ಅಣ್ಣ ಅದಕ್ಕೆ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಈಗ ಬಹಳ ಪಳಗಿದ್ದ.

ಹೀಗೆ ಸಿಗ್ನಲ್ಲು ಇಲ್ಲದ ಊರಿಗೆ ಗಂಡನನ್ನು ಒಯ್ದು, ಅವನ ಬಾಯನ್ನು ತೆಗೆಸುವ ಮಹಾಯೋಜನೆಯೊಂದನ್ನು ಅತ್ತಿಗೆ ಹಾಕಿದ್ದರು. ನನ್ನ ಗಂಡ ಬರಲಿಲ್ಲ. “ಯಾರಾದರೂ ಒಬ್ಬರು ಹೊರಗೆ ಉಳಿದಿರಬೇಕಲ್ಲ, ಹುಡುಕೋಕೆ” ಎಂದರು.

ಶುಕ್ರವಾರ ಅತ್ತಿಗೆಯ ವ್ಯಾನಿನಲ್ಲಿ ಹೊರಟೆವು. ವ್ಯಾನಿನಲ್ಲಿ ನಮಗೆ ಜಾಗವಿತ್ತೆಂದು ನೀವು ಅಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಇಡ್ಲಿ ಪಾತ್ರೆ, ಹೆರೆಮಣೆ, ತೆಂಗಿನಕಾಯಿ, ರುಬ್ಬಿ ತಂದ ಇಡ್ಲಿ ಹಿಟ್ಟಿನ ದೊಡ್ಡ ಡಬರಿ, ಡೆಟಾಲು, ಮತ್ತೊಂದು ಡೆಟಾಲು. ಮಿಕ್ಸಿ ಕೂಡ. ನನ್ನ ತೊಡೆಯ ಮೇಲೆ ಡಬರಿ, ಕಾಲ ಕೆಳಗೆ ತೆಂಗಿನಕಾಯಿ. ಫ್ರೀವೇ ಬಿಟ್ಟು ಬೆಟ್ಟದ ರಸ್ತೆಗೆ ಹೊರಳಿದ ಮೇಲೆ ಒಂದೊಂದು ತಿರುವಿಗೂ ಹಿಟ್ಟು ನನ್ನ ಕಡೆ ಒಮ್ಮೆ, ಮಗಳ ಕಡೆ ಒಮ್ಮೆ ವಾಲಿ ಕುಶಲ ವಿಚಾರಿಸುತ್ತಿತ್ತು. ಅಷ್ಟೆಲ್ಲ ನೆನಪಿಟ್ಟು ತಂದ ಅತ್ತಿಗೆ ಫೋನಿನ ಚಾರ್ಜರುಗಳನ್ನು ಮಾತ್ರ ಮರೆತು ಬಂದಿದ್ದರು.

“ಅಯ್ಯೋ, ಮರೆತೇ ಹೋಯ್ತು!” ಎಂದು ಅವರು ಕನ್ನಡಿಯಲ್ಲಿ ನನ್ನ ಕಡೆ ನೋಡಿದ ನೋಟದಲ್ಲಿ ಮರೆವಿನ ಲಕ್ಷಣ ಒಂದೂ ಇರಲಿಲ್ಲ.

ಜಾಗವೇನೋ ಚೆನ್ನಾಗಿತ್ತು. ಬೆಟ್ಟಗಳ ನಡುವೆ ಅಗಲವಾದ ಸರೋವರ, ದಡದ ತುಂಬ ಆಳೆತ್ತರದ ಜೊಂಡು, ಹಳೆಯ ಓಕ್ ಮರಗಳು. ನಮ್ಮ ಟೆಂಟಿನ ಜಾಗಕ್ಕೆ ಒಂದು ಮರದ ಮೇಜು, ಒಂದು ಒಲೆ, ಕರಡಿಗೆ ಸಿಗದಂತೆ ತಿಂಡಿ ತೀರ್ಥ ಬಚ್ಚಿಡಲು ಕಬ್ಬಿಣದ ಒಂದು ಪೆಟ್ಟಿಗೆ. ಅತ್ತಿಗೆ ಮಿಕ್ಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಆಮೇಲೆ ಮರದ ಸುತ್ತ ಒಂದು.

“ಪ್ಲಗ್ ಪಾಯಿಂಟು ಎಲ್ಲುಂಟು?”

“ಅಮ್ಮಾ,” ಎಂದಳು ಮಗಳು, ಒಂದು ಕಿವಿಯ ಇಯರ್‌ಫೋನು ತೆಗೆದು, “ಇಟ್ಸ್ ಅ ಟ್ರೀ.”

ಟೆಂಟು ಹಾಕುವ ಕೆಲಸ ಬಂತು. ಅತ್ತಿಗೆ ಸೂಚನೆಗಳನ್ನು ಗಟ್ಟಿಯಾಗಿ ಓದುತ್ತಾ, ಓದಿದ್ದನ್ನು ವಿಮರ್ಶಿಸುತ್ತಾ, ವಿಮರ್ಶಿಸಿದ್ದನ್ನು ನನ್ನಿಂದ ಮಾಡಿಸುತ್ತಾ ಹೋದರು. ಅಣ್ಣನಿಗೆ ಟೆಂಟು ಹಾಕುವುದು ಗೊತ್ತು, ಕಾಲೇಜಿನಲ್ಲಿ ಚಾರಣಕ್ಕೆ ಹೋಗುತ್ತಿದ್ದವನು. ಹಾಗಲ್ಲ, ಹೀಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಕೈಯಾಡಿಸಿದ, ಬೆರಳಿನಿಂದ ಗಾಳಿಯಲ್ಲಿ ಚಿತ್ರ ಬರೆದ, ಎರಡು ಕೈ ಜೋಡಿಸಿ ಗೋಪುರ ಮಾಡಿ ತೋರಿಸಿದ.

“ಎಂತ? ದೇವಸ್ಥಾನವಾ? ನಮಸ್ಕಾರವಾ? ಬಾಯಲ್ಲಿ ಹೇಳಿ!” ಎಂದರು ಅತ್ತಿಗೆ.

ಅಣ್ಣ ಹೇಳಲಿಲ್ಲ. ಟೆಂಟು ಎದ್ದಿತು. ಬಾಗಿಲು ಮಾತ್ರ ನೆಲದ ಕಡೆಗಿತ್ತು!

ಪಕ್ಕದ ಜಾಗದಲ್ಲಿ ದೊಡ್ಡ ವ್ಯಾನು ನಿಲ್ಲಿಸಿಕೊಂಡಿದ್ದ ಅಮೆರಿಕನ್ ದಂಪತಿಗಳು ಇದನ್ನೆಲ್ಲ ನೋಡುತ್ತಿದ್ದರು. ವಯಸ್ಸಾದವರು, ನಗುಮುಖದವರು. ಆ ಅಜ್ಜಿ ಎದ್ದು ಬಂದು ಅಣ್ಣನ ಎದುರು ನಿಂತು ಎರಡು ಕೈಗಳಿಂದ ಏನೇನೋ ಸನ್ನೆ ಮಾಡಿದರು. ಎಷ್ಟು ಚೆನ್ನಾಗಿ ಮಾಡಿದರೆಂದರೆ, ನೃತ್ಯ ನೋಡಿದ ಹಾಗಾಯಿತು. ಅಣ್ಣ ಕಣ್ಣು ಕಣ್ಣು ಬಿಟ್ಟ. ಅಜ್ಜಿ ನಮ್ಮ ಕಡೆ ತಿರುಗಿ, ತಾನು ಕಿವುಡ ಮಕ್ಕಳ ಶಾಲೆಯಲ್ಲಿ ಬಹಳ ಕಾಲ ಟೀಚರಾಗಿದ್ದೆನೆಂದೂ, ಇವರಿಗೆ ಟೆಂಟು ಹಾಕಲು ತನ್ನ ಯಜಮಾನರು ಸಹಾಯ ಮಾಡಬಹುದೇ ಎಂದು ಕೇಳಿದೆನೆಂದೂ ಹೇಳಿದರು.

ನಾನು ಅಣ್ಣನ ಮುಖ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾನೆ! ನನಗೆ ಕಿವಿ ಕೇಳಿಸುತ್ತದೆ ಎಂದು ಹೇಳಲೇಬೇಕಲ್ಲ?

ಅಣ್ಣ ನಿಧಾನವಾಗಿ ತನ್ನ ಕಿವಿ ಮುಟ್ಟಿಕೊಂಡು, ಇಲ್ಲ ಎಂದು ಕೈಯಾಡಿಸಿ, ಅಜ್ಜಿಗೆ ಕೈಮುಗಿದ.

ಅತ್ತಿಗೆಗೆ ರೇಗಿತು. ಕನ್ನಡದಲ್ಲೇ ಕೂಗಿದರು: “ಕಿವಿ ಉಂಟು ಅವರಿಗೆ! ಬಾಯಿಯೂ ಉಂಟು! ಮನಸ್ಸೊಂದು ಇಲ್ಲ!” ಅಜ್ಜಿ ಅತ್ತಿಗೆಯ ಬೆನ್ನು ಸವರಿ, “ಇದು ಕಷ್ಟ, ನನಗೆ ಗೊತ್ತು” ಎಂದರು. ಅವರ ಯಜಮಾನರು ಬಂದು ಗಳಿಗೆಯಲ್ಲಿ ಟೆಂಟನ್ನು ನೆಟ್ಟಗೆ ನಿಲ್ಲಿಸಿಕೊಟ್ಟು, ಹೋಗುವಾಗ ಅಣ್ಣನಿಗೆ ಹೆಬ್ಬೆರಳು ತೋರಿಸಿದರು. ಮಗಳು ಎರಡೂ ಇಯರ್‌ಫೋನು ಸಿಕ್ಕಿಸಿಕೊಂಡು ಟೆಂಟಿನೊಳಗೆ ಹೋಗಿ ಜಿಪ್ಪು ಎಳೆದುಕೊಂಡಳು. ಮಾತಾಡುವುದಕ್ಕಿಂತ ಕಿವುಡನಾಗಿರುವುದೇ ವಾಸಿ ಎಂದು ನನ್ನ ಅಣ್ಣ ತೀರ್ಮಾನಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆವತ್ತು ನನಗೆ ಊಟ ಸೇರಲಿಲ್ಲ.

ಆದರೆ ಅತ್ತಿಗೆ ಅಷ್ಟಕ್ಕೆಲ್ಲ ಸೋಲುವವರೇ? ಮಾರನೆಯ ಬೆಳಿಗ್ಗೆಗೆ ಇಡ್ಲಿ ಆಗಬೇಕಿತ್ತು. ಹಿಟ್ಟು ಉಬ್ಬಬೇಕಾದರೆ ಬೆಚ್ಚಗಿರಬೇಕು, ಸರೋವರದ ಗಾಳಿಯೋ ಕೊರೆಯುತ್ತದೆ. ಬೆಚ್ಚಗಿನ ಜಾಗವೆಂದರೆ ಸ್ಲೀಪಿಂಗ್ ಬ್ಯಾಗುಗಳು. ಅವುಗಳಲ್ಲಿ ಅತ್ಯಂತ ಬೆಚ್ಚಗಿನದು ಅಣ್ಣನದು. ಆದ್ದರಿಂದ ಹಿಟ್ಟಿನ ಡಬರಿ ಅಣ್ಣನ ಕಾಲಬಳಿ ಅವನ ಚೀಲದೊಳಗೇ ಮಲಗಿತು. ಅಣ್ಣ ಫೋನಿನಲ್ಲಿ ಉಳಿದಿದ್ದ ಕೊನೆಯ ಜೀವದಲ್ಲಿ ‘ಬೇಡ’ ಎಂದು ಟೈಪು ಮಾಡಿ ತೋರಿಸಿದ. “ನನಗೆ ಕನ್ನಡಕ ಇಲ್ಲ, ಎಂತದು ಓದಿ ಹೇಳಿ” ಎಂದರು ಅತ್ತಿಗೆ. ಫೋನು ಕೈಯಲ್ಲೇ ಆರಿಹೋಯಿತು.

ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಅತ್ತಿಗೆ ಆಗಲೇ ಎದ್ದು, ಗಂಡನ ಚೀಲದ ಪಕ್ಕದಲ್ಲಿ ಕಾಯುತ್ತಾ ಕೂತಿದ್ದರು. ಹಿಟ್ಟು ಉಬ್ಬಿತ್ತು. ಉಬ್ಬಿದ್ದೆಂದರೆ ಎಂಥ ಉಬ್ಬು! ಅವರ ಇಪ್ಪತ್ತು ವರ್ಷದ ಅಮೆರಿಕಾ ವಾಸದಲ್ಲಿ ಇಷ್ಟು ಚೆನ್ನಾಗಿ ಹಿಟ್ಟು ಉಬ್ಬಿದ್ದೇ ಇಲ್ಲವಂತೆ. ಡಬರಿಯ ಮುಚ್ಚಳ ತಳ್ಳಿಕೊಂಡು ಹೊರಬಂದು, ಅಣ್ಣನ ಕಾಲ್ಬೆರಳಿನಿಂದ ಮೊಣಕಾಲಿನವರೆಗೂ ಆವರಿಸಿಕೊಂಡಿತ್ತು. ಅಣ್ಣ ಎದ್ದ. ಕಾಲು ಎಳೆದ. ಮುಖ ಕೆಂಪಾಯಿತು. ಅತ್ತಿಗೆ ಎರಡೂ ಕೈ ಎದೆಗೊತ್ತಿಕೊಂಡು, “ಬೈಯಿರಿ,” ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. “ಒಮ್ಮೆ ಬೈಯಿರಿ.”

ಅಣ್ಣ ಚಪ್ಪಲಿ ಹುಡುಕಿಕೊಂಡು, ಬಿಳಿಯ ಕಾಲಿನಲ್ಲಿ ನಲ್ಲಿಯ ಕಡೆ ನಡೆದುಹೋದ. ಹಿಟ್ಟು ಉಕ್ಕಿತು, ಅಣ್ಣ ಉಕ್ಕಲಿಲ್ಲ.

ನಾವಿಬ್ಬರೂ ಸ್ಲೀಪಿಂಗ್ ಬ್ಯಾಗು ತೊಳೆಯಲು ಹೋದೆವು. ಹುಲ್ಲು ತಾಗಿದರೆ ಕೈಗೆ ಸ್ಯಾನಿಟೈಸರು ಹಚ್ಚಿಕೊಳ್ಳುವ ಅತ್ತಿಗೆ ಆವತ್ತು ಕೆಸರಿನಲ್ಲಿ ಮೊಣಕಾಲೂರಿ ಕೂತು ಹಿಟ್ಟು ಉಜ್ಜುತ್ತಿದ್ದರು. ಅವರಿಗೆ ಕೆಸರಿನ ಪರಿವೆಯೇ ಇರಲಿಲ್ಲ.

“ನಂಗೆ ಸಾಕಾಯ್ತು ಮಾರಾಯ್ತಿ,” ಎಂದರು. “ಮದುವೆ ಆದಾಗಿನಿಂದ ಆ ದೊಡ್ಡ ಸ್ವರಕ್ಕೆ ಬೈದೆ ನಾನು. ಈಗ ಮನೆಯಲ್ಲಿ ಫ್ರಿಜ್ಜಿನ ಶಬ್ದ ಕೇಳ್ತದೆ. ಫ್ರಿಜ್ಜಿಗೆ ಶಬ್ದ ಉಂಟು ಅಂತಲೇ ನನಗೆ ಗೊತ್ತಿರ್ಲಿಲ್ಲ. ಅದು ಕೇಳಬಾರ್ದು ಅಂತ ನಾನು ಮಾತಾಡ್ತೇನೆ, ಮಾತಾಡ್ತೇನೆ. ನನಗೇ ನನ್ನ ಮಾತು ಸಾಕಾಗಿದೆ.”

“ಡಬರಿ ತಳದಲ್ಲಿ ಇನ್ನೂ ಸ್ವಲ್ಪ ಹಿಟ್ಟಿದೆ ಅತ್ತಿಗೆ, ನಾಳೆ ದೋಸೆಗಾಗುತ್ತೆ” ಎಂದೆ. ಸಮಾಧಾನ ಹೇಳುವುದರಲ್ಲಿ ನಾನು ಎಂಥ ಗಟ್ಟಿಗಿತ್ತಿ ನೋಡಿ!

ಬ್ರೆಡ್ಡು ತಿಂದು, ಬೇರೆ ಪ್ರವಾಸಿಗರೊಂದಿಗೆ ನಾವೂ ರೇಂಜರಮ್ಮನ ಜೊತೆ ನಡೆಯಲು ಹೋದೆವು. ಆ ಪಾರ್ಕಿನಲ್ಲಿ ನೋಡಬೇಕಾದ್ದು ಸರೋವರ ಮಾತ್ರವಲ್ಲ. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಆ ದಡದಲ್ಲೇ ಊರು ಕಟ್ಟಿಕೊಂಡಿದ್ದರು. ಜೊಂಡಿನಿಂದ ದೋಣಿ ಹೆಣೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಸುತ್ತಮುತ್ತ ಇದ್ದಾರೆಂದು ರೇಂಜರಮ್ಮ ಹೇಳಿದಳು. ಮಾತಾಡುತ್ತಾ ಒಂದು ಅಗಲವಾದ ಬಂಡೆಯ ಹತ್ತಿರ ನಿಲ್ಲಿಸಿದಳು. ಬಂಡೆಯ ಮೈತುಂಬ ದುಂಡನೆಯ ಗುಳಿಗಳು. ಓಕ್ ಮರದ ಕಾಯಿಗಳನ್ನು ತಂದು, ಹೆಂಗಸರು ಒಟ್ಟಿಗೆ ಕೂತು, ಈ ಗುಳಿಗಳಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರಂತೆ. ಕಹಿ ಹೋಗಲು ಆ ಹಿಟ್ಟಿಗೆ ಮತ್ತೆ ಮತ್ತೆ ನೀರು ಹೊಯ್ಯುತ್ತಿದ್ದರಂತೆ.

“ಒರಳು!” ಎಂದರು ಅತ್ತಿಗೆ. ಆವತ್ತು ಬೆಳಿಗ್ಗೆಯಿಂದ ಅವರ ಮುಖದಲ್ಲಿ ಬೆಳಕು ಕಂಡದ್ದು ಅದೇ ಮೊದಲು. “ನಮ್ಮ ಒರಳೇ ಅಲ್ವಾ ಇದು! ನೋಡಿ, ನೋಡಿ ಇಲ್ಲಿ!” ಎಂದು ಅಣ್ಣನ ತೋಳು ಎಳೆದರು. ಎಷ್ಟು ಸಲ ನೀರು ಹೊಯ್ಯಬೇಕು, ಬಿಸಿಯೋ ತಣ್ಣಗಿನದೋ, ಹಿಟ್ಟು ಕೆಡುವುದಿಲ್ಲವೇ ಎಂದು ರೇಂಜರಮ್ಮನಿಗೆ ಪ್ರಶ್ನೆಗಳ ಮಳೆ ಸುರಿಸಿದರು. ಆ ಹುಡುಗಿ ಸಹನೆಯಿಂದ ಉತ್ತರ ಹೇಳಿದಳು. ಕೊನೆಯಲ್ಲಿ, ಈ ಬಂಡೆಯನ್ನು ಯಾರೂ ಮುಟ್ಟಬಾರದು, ಇದು ಅವರ ಹಿರಿಯರ ಜಾಗ ಎಂದು ಎಲ್ಲರಿಗೂ ಸ್ಪಷ್ಟವಾಗಿ ಹೇಳಿದಳು. ಆಗ ಅತ್ತಿಗೆ ಅಲ್ಲಿರಲಿಲ್ಲ. ಏನೋ ತರಲು ಟೆಂಟಿನ ಕಡೆ ಓಡಿದ್ದರು.

ಏನು ತರಲು ಎಂದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಜನ ಚದುರಿದ ಮೇಲೆ ನಾವು ಅವರನ್ನು ಹುಡುಕಿಕೊಂಡು ಬಂದರೆ, ಬಂಡೆಯ ಪಕ್ಕದಲ್ಲಿ ಅತ್ತಿಗೆ ಕಾಲು ಮಡಚಿ ಕೂತಿದ್ದರು. ಒಂದು ಕೈಯಲ್ಲಿ ತೆಂಗಿನಕಾಯಿ ಹೋಳು, ಇನ್ನೊಂದು ಕೈಯಲ್ಲಿ ಡೆಟಾಲಿನಲ್ಲಿ ಅದ್ದಿದ ಬಟ್ಟೆ! ಇಷ್ಟು ವರ್ಷದ ಧೂಳನ್ನು ಒರೆಸಿ ಆಮೇಲೆ ಚಟ್ನಿ ಕುಟ್ಟುವುದೆಂದು ಅವರ ಆಲೋಚನೆ. ಅವರ ಹಿಂದೆ ರೇಂಜರಮ್ಮ ನಿಂತಿದ್ದಳು.

“ಮ್ಯಾಮ್,” ಎಂದಳು ಅವಳು, ಒಂದು ಕೈ ಮುಂದೆ ಚಾಚಿ, ಬಂದೂಕಿನವನ ಹತ್ತಿರ ಮಾತಾಡುವ ಹಾಗೆ ಬಹಳ ಮೆಲ್ಲಗೆ. “ಆ ತೆಂಗಿನಕಾಯಿ ಕೆಳಗಿಡಿ.”

ಅತ್ತಿಗೆ ಇಟ್ಟರು. ಆಮೇಲೆ ರೇಂಜರಮ್ಮ ಹೇಳಿದ್ದನ್ನು ಕೇಳಿ ನಿಜವಾಗಿ ನಾಚಿಕೊಂಡರು. ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡು ಬಂಡೆಗೆ ನಮಸ್ಕಾರ ಮಾಡಿದರು. ಅವಳಿಗೂ ಮಾಡಿದರು. “ನನಗೆ ಅವರ ಅಜ್ಜಿಯರ ಒರಳು ಮುಟ್ಟಬೇಕು ಅಂತಲ್ಲ, ನಮ್ಮ ಅಜ್ಜಿಯದ್ದು ನೆನಪಾಯ್ತು” ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದಾಗ ರೇಂಜರಮ್ಮ ಸ್ವಲ್ಪ ಮೆತ್ತಗಾಗಿ, ಬಟ್ಟೆಯನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡು ಅತ್ತಿಗೆಯನ್ನು ಬಿಟ್ಟುಬಿಟ್ಟಳು. ಅಷ್ಟು ಹೊತ್ತೂ ಅಣ್ಣ ಒಂದು ಮರದ ಹಿಂದೆ ನಿಂತಿದ್ದ. ಹೆಂಡತಿ ಕೈಮುಗಿದು ನಿಂತಾಗ ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಅಷ್ಟೇ.

ಇಷ್ಟಾದ ಮೇಲೆ ಯಾರಾದರೂ ಬುದ್ಧಿಯಿರುವವರು ಟೆಂಟು ಮಡಚುತ್ತಿದ್ದರು. ಅತ್ತಿಗೆ ಮಧ್ಯಾಹ್ನ ಇಬ್ಬರು ಕೂರುವ ಕಯಾಕು, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿ, ಬಾಡಿಗೆಗೆ ತೆಗೆದುಕೊಂಡರು! ಲೆಕ್ಕಾಚಾರ ಸುಲಭ. ಮುಂದೆ ಕೂತವರಿಗೆ ಹಿಂದಿನದು ಕಾಣುವುದಿಲ್ಲ, ಹಿಂದೆ ಕೂತವನು ಎಡ ಬಲ ಹೇಳಲೇಬೇಕು. ಅತ್ತಿಗೆ ಮುಂದೆ, ಅಣ್ಣ ಹಿಂದೆ. ಮಗಳೂ ನಾನೂ ದಡದಲ್ಲಿ ಕೂತೆವು.

ಅಣ್ಣ ಹೇಳಲಿಲ್ಲ. ಹುಟ್ಟಿನ ತುದಿಯಿಂದ ಅತ್ತಿಗೆಯ ಎಡಭುಜ ತಟ್ಟಿದರೆ ಎಡಕ್ಕೆ, ಬಲಭುಜ ತಟ್ಟಿದರೆ ಬಲಕ್ಕೆ ಎಂದು ಅವನು ತಾನೇ ಒಂದು ಭಾಷೆ ಕಟ್ಟಿಕೊಂಡ. ಅದನ್ನು ಅತ್ತಿಗೆಗೆ ಹೇಳಿರಲಿಲ್ಲ, ಅಷ್ಟೇ ತೊಂದರೆ! “ಹೊಡೀತೀರಾ? ನನಗೆ ಹೊಡೀತೀರಾ?” ಎನ್ನುವುದು ದಡದವರೆಗೂ ಕೇಳಿಸಿತು. ಕಯಾಕು ನಿಂತಲ್ಲೇ ಎರಡು ಸುತ್ತು ಸುತ್ತಿ, ಆಮೇಲೆ ಮನಸ್ಸು ಬದಲಾಯಿಸಿ, ಒಂದು ತಿರುವಿನಾಚೆ ಜೊಂಡಿನ ಮರೆಗೆ ಹೋಯಿತು. ಅಲ್ಲಿಂದಲೂ ಅತ್ತಿಗೆಯ ದನಿ ಬರುತ್ತಲೇ ಇತ್ತು. ಒಂದೇ ಸಮನೆ, ಬಹಳ ಹೊತ್ತು. ಗಾಳಿ ಆ ಕಡೆಗೆ ಬೀಸುತ್ತಿದ್ದುದರಿಂದ ಮಾತು ತಿಳಿಯುತ್ತಿರಲಿಲ್ಲ. ಅಮ್ಮ ಏನು ಹೇಳುತ್ತಿದ್ದಾಳೆ ಎಂದು ಮಗಳು ಕೇಳಿದಳು. “ಎಂದಿನ ಮಾತು, ಬಿಡು” ಎಂದು ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಅವರು ‘ಕಾಪಾಡಿ’ ಎಂದು ಕೂಗುತ್ತಿದ್ದರು!

ಅತ್ತಿಗೆಯ ಹುಟ್ಟು ನೀರುಪಾಲಾಗಿತ್ತು. ಅಣ್ಣನದು ಜೊಂಡಿನ ಬೇರಿನಲ್ಲಿ ಸಿಕ್ಕಿ ಮುರಿದಿತ್ತು. ಕೊನೆಗೆ ಪಕ್ಕದ ವ್ಯಾನಿನ ಅಜ್ಜ ಮೀನು ಹಿಡಿದು ಮೋಟಾರು ದೋಣಿಯಲ್ಲಿ ಬರುವಾಗ ಕಂಡು, ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ದಡಕ್ಕೆ ಕಾಲಿಟ್ಟ ಅತ್ತಿಗೆ ಧನ್ಯವಾದ ಹೇಳಲು ಬಾಯಿ ತೆರೆದರು. ಗಾಳಿ ಹೋದ ಟಯರಿನ ಹಾಗೆ ಬರೀ ಉಸಿರು ಬಂತು. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು.

ಮಗಳು ಇಯರ್‌ಫೋನು ಕಿತ್ತು ಕೈಯಲ್ಲಿ ಹಿಡಿದು ಅಪ್ಪನ ಎದುರು ನಿಂತಳು. “ಅಪ್ಪಾ, ಯು ವರ್ ರೈಟ್ ದೇರ್! ಅಮ್ಮ ಅಷ್ಟು ಕೂಗ್ತಾ ಇದ್ಲು. ಯು ಕುಡಂಟ್ ಯೆಲ್ ಒನ್ಸ್? ಜಸ್ಟ್ ಒನ್ಸ್?”

ಅಣ್ಣ ತನ್ನ ಒದ್ದೆ ಕೈಗಳನ್ನು ನೋಡಿಕೊಂಡ. ಟವಲು ಹೊದ್ದು ಸರೋವರದ ಕಡೆ ತಿರುಗಿ ಕೂತ. ನನಗೂ ಅವನ ಮೇಲೆ ಅಸಾಧ್ಯ ಕೋಪ ಬಂದಿತ್ತು. ಪಾತ್ರೆ ತೊಳೆಯುವಾಗ ಅತ್ತಿಗೆಯ ಹತ್ತಿರ ಬೈದೆ. “ಸಾಕು ಅತ್ತಿಗೆ, ಮನೆಗೆ ಹೋಗೋಣ. ಇವನು ಸರಿಹೋಗಲ್ಲ. ಹೆಂಡತಿ ಮುಳುಗ್ತಿದ್ರೂ ಬಾಯಿ ಬಿಡದವನು ಇನ್ನು ಯಾವತ್ತು ಬಿಡ್ತಾನೆ?”

ಅತ್ತಿಗೆ ನನ್ನ ಕೈ ಹಿಡಿದು ನಿಲ್ಲಿಸಿದರು. ನನ್ನ ಕಿವಿಯ ಹತ್ತಿರ ಬಾಯಿ ತಂದು, ಒಂದೊಂದೇ ಮಾತು ಉಸಿರಿನಲ್ಲಿ ಹೇಳಿದರು:

“ಅವರು ಕೂಗಿದ್ರು. ನನ್ನಿಂದ ಜಾಸ್ತಿ ಕೂಗಿದ್ರು. ನಾನು ತಿರುಗಿ ನೋಡಿದೆ. ಕತ್ತಿನ ನರ ಎಲ್ಲ ಉಬ್ಬಿತ್ತು... ಸ್ವರ ಬರ್ಲಿಲ್ಲ ಮಾರಾಯ್ತಿ.”

ಆಮೇಲೆ ಇಬ್ಬರೂ ಪಾತ್ರೆ ತೊಳೆದೆವು. ತೊಳೆದದ್ದನ್ನೇ ಮತ್ತೆ ತೊಳೆದೆವು.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಅತ್ತಿಗೆ ಡಬರಿಯ ತಳದಲ್ಲಿ ಉಳಿದಿದ್ದ ಹಿಟ್ಟಿನಲ್ಲಿ ದೋಸೆ ಹೊಯ್ಯಲು ಕೂತರು. ಚಟ್ನಿಗೆ ಮಿಕ್ಸಿಯೂ ಇಲ್ಲ, ಒರಳೂ ಇಲ್ಲ. ಸ್ಟೀಲು ಪಾತ್ರೆಯಲ್ಲಿ ತೆಂಗಿನತುರಿ, ಹಸಿಮೆಣಸಿನಕಾಯಿ ಹಾಕಿ ಲೋಟದ ತಳದಿಂದ ಜಜ್ಜಿದ್ದರು. ಅವರ ಗಂಟಲು ಇನ್ನೂ ಬಿಟ್ಟಿರಲಿಲ್ಲ. ಮಗಳ ಇಯರ್‌ಫೋನಿನ ಚಾರ್ಜು ಮುಗಿದಿತ್ತು. ನನಗಂತೂ ಮಾತು ಬೇಕಿರಲಿಲ್ಲ. ನಾಲ್ಕು ಜನ ಒಂದು ಮೇಜಿನ ಸುತ್ತ ಸುಮ್ಮನೆ ಕೂತಿದ್ದೆವು. ಜೊಂಡಿನೊಳಗೆ ಕಪ್ಪು ಹಕ್ಕಿಗಳು ಕೂಗುತ್ತಿದ್ದವು, ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುತ್ತಿತ್ತು. ಅತ್ತಿಗೆ ಇರುವ ಜಾಗದಲ್ಲಿ ಹಕ್ಕಿಯ ಕೂಗು ಕೇಳಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಣ್ಣ ದೋಸೆ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಅಗಿದ. ನಿಲ್ಲಿಸಿದ. ಹೆಂಡತಿಯ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ.

“ಉಪ್ಪಿಲ್ಲ.”

ಒಣಗಿದ ಎಲೆಯನ್ನು ಸಿಮೆಂಟಿನ ಮೇಲೆ ಎಳೆದಂಥ ದನಿ. ಆದರೆ ನನಗೆ ಕೇಳಿಸಿತು. ಮಗಳಿಗೂ ಕೇಳಿಸಿತು, ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅತ್ತಿಗೆ ಸೌಟು ಕೆಳಗಿಟ್ಟರು. ಕಿವಿಯ ಹಿಂದೆ ಕೈಯಿಟ್ಟು, ಕೇಳಿಸಲಿಲ್ಲ ಎಂದು ತಲೆಯಾಡಿಸಿದರು.

“ಚಟ್ನಿಗೆ... ಉಪ್ಪಿಲ್ಲ.”

ಅತ್ತಿಗೆ ಇನ್ನಷ್ಟು ಮುಂದೆ ಬಾಗಿ, ಹುಬ್ಬು ಗಂಟಿಕ್ಕಿ, ಮತ್ತೆ ತಲೆಯಾಡಿಸಿದರು. ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. ಎರಡೂ ಕೈ ಮೇಜಿನ ಮೇಲೂರಿದ. ಉಸಿರು ಎಳೆದುಕೊಂಡ.

“ಚಟ್ನಿಗೆ ಉಪ್ಪು ಹಾಕೋದು ಮರೆತಿದೀಯ ಕಣೇ!”

ದನಿ ಮೂರು ಕಡೆ ಒಡೆಯಿತು, ಒಂದು ಕಡೆ ಪೂರ್ತಿ ಬಿದ್ದುಹೋಗಿ ಮತ್ತೆ ಎದ್ದಿತು. ಮಗಳು “ಅಪ್ಪಾ...” ಎಂದಳು. ಒಲೆಯ ಪಕ್ಕದಲ್ಲಿದ್ದ ಉಪ್ಪಿನ ಡಬ್ಬಿಯನ್ನು ಅವನಿಗೆ ಕೊಡಲು ಗಡಿಬಿಡಿಯಿಂದ ಕೈಚಾಚಿದಳು.

ಅತ್ತಿಗೆ ಅವಳಿಗಿಂತ ಮುಂಚೆ ಡಬ್ಬಿಯನ್ನು ಎತ್ತಿಕೊಂಡರು. ಮಡಿಲಲ್ಲಿಟ್ಟುಕೊಂಡು ಮೇಲೆ ಸ್ವೆಟರು ಎಳೆದು ಮುಚ್ಚಿದರು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಮತ್ತೆ ಕಿವಿಯ ಹಿಂದೆ ಕೈಯಿಟ್ಟು ಅಣ್ಣನ ಕಡೆ ಬಾಗಿದರು.